ಹೆಂಡತಿಯ ಪಿಸುಮಾತು, ಹೆಡ್‌ಫೋನಿನ ದನಿ: ಆಡಿಯೋ ಡಿಸ್ಕ್ರಿಪ್ಷನ್ ನಾಲ್ಕು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಚಿತ್ರ ಎಷ್ಟು ಸ್ಪಷ್ಟ, ಬಣ್ಣ ಹೇಗೆ, ಕತ್ತಲೆಯ ದೃಶ್ಯದಲ್ಲಿ ಕಪ್ಪು ಸರಿಯಾಗಿ ಕಪ್ಪಾಗಿ ಬರುತ್ತದೆಯೇ ಎಂದು ತಿಳಿಯಬೇಕಾದವರು ಬೇರೆ ಯಾರನ್ನಾದರೂ ಕೇಳಿ. ನನಗೆ ಎಲ್ಲವೂ ಕಪ್ಪೇ. ನಾನು ವಿಮರ್ಶೆ ಮಾಡಹೊರಟಿರುವುದು ಸಿನಿಮಾ ತೋರಿಸುವ ಆನ್‌ಲೈನ್ ಸೇವೆಯೊಂದರೊಳಗೆ ಎಲ್ಲೋ ಮೂಲೆಯಲ್ಲಿ ಅಡಗಿ ಕೂತಿರುವ ಒಂದು ಸೌಲಭ್ಯವನ್ನು. ಸೇವೆಯ ಹೆಸರು ಬೇಡ, ಬೈಗುಳವೂ ಇದೆಯಲ್ಲ.

ಆಡಿಯೋ ಡಿಸ್ಕ್ರಿಪ್ಷನ್ ಅಂದರೆ ಇಷ್ಟೇ: ಪಾತ್ರಗಳು ಮಾತು ನಿಲ್ಲಿಸಿದ ಸಂದಿಯಲ್ಲಿ ಒಂದು ದನಿ ಬಂದು ತೆರೆಯ ಮೇಲೆ ಏನು ಕಾಣುತ್ತಿದೆ ಎಂದು ಹೇಳಿ ಹೋಗುತ್ತದೆ. ‘ಅವಳು ಪತ್ರವನ್ನು ಮಡಚಿ ಜೇಬಿಗಿಡುತ್ತಾಳೆ.’ ‘ಕಾರು ಹೊರಟುಹೋಗಿದೆ.’ ಅಷ್ಟು ಹೇಳಿ ಸುಮ್ಮನಾಗುತ್ತದೆ.

ನಾನು ಮೂವತ್ತು ವರ್ಷ ಗಣಿತ ಪಾಠ ಮಾಡಿದವನು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆ. ಇದು ವಂಶವಾಹಿಯ ದೋಷ. ಮಂದ ಬೆಳಕಿನಲ್ಲಿ ನೋಡಲು ಬೇಕಾದ ಕೋಶಗಳು ಮೊದಲು ಸಾಯುತ್ತವೆ. ಹಾಗಾಗಿ ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಚಿತ್ರಮಂದಿರ. ಸಿನಿಮಾ ಶುರುವಾದ ಮೇಲೆ ಒಳಗೆ ಹೋದರೆ ಯಾರ ಮಡಿಲಲ್ಲಿ ಕೂತುಬಿಡುತ್ತೇನೋ ಎಂಬ ಭಯ ಇಪ್ಪತ್ತೆರಡನೇ ವಯಸ್ಸಿಗೇ ಶುರುವಾಗಿತ್ತು. ಒಮ್ಮೆ ಕೂತೂ ಬಿಟ್ಟಿದ್ದೆ. ಆಮೇಲೆ ನೋಟ ಸುತ್ತಲಿಂದ ಕಿರಿದಾಗುತ್ತಾ ಬಂತು, ಕೊಳವೆಯೊಳಗಿಂದ ನೋಡಿದ ಹಾಗೆ. ಹೀರೋನ ಮುಖ ಕಂಡರೆ ಅವನ ಕೈಲಿರುವ ಪಿಸ್ತೂಲು ಕಾಣುವುದಿಲ್ಲ, ಪಿಸ್ತೂಲು ಕಂಡರೆ ಅದನ್ನು ಹಿಡಿದವರು ಯಾರೆಂದು ಗೊತ್ತಾಗುವುದಿಲ್ಲ. ಐವತ್ತೆರಡಕ್ಕೆ ಕೊಳವೆಯೂ ಮುಚ್ಚಿತು. ಈಗ ಕಿಟಕಿ ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತದೆ.

ಆಗ ಶುರುವಾದದ್ದು ಹೆಂಡತಿಯ ಸೇವೆ. ಆರು ವರ್ಷ ನಡೆಯಿತು. ಹೆಡ್‌ಫೋನಿನ ದನಿಗೆ ಅಂಕ ಕೊಡುವ ಮೊದಲು ಅದರ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಹೋಲಿಸಲು ನನ್ನ ಹತ್ತಿರ ಬೇರೆ ಅಳತೆಗೋಲೂ ಇಲ್ಲ.

ಸೋಫಾದಲ್ಲಿ ಅವಳು ನನ್ನ ಎಡಕ್ಕೆ. ಎಡಗಿವಿಯಲ್ಲಿ ಅವಳ ಪಿಸುಮಾತು, ಬಲಗಿವಿಯಲ್ಲಿ ಸಿನಿಮಾ. ಶುರುವಿಗೆ ಚೆನ್ನಾಗಿಯೇ ಹೇಳುತ್ತಿದ್ದಳು. ‘ಮನೆ. ದೊಡ್ಡದು. ಒಬ್ಬಳೇ ಇದ್ದಾಳೆ.’ ಆಮೇಲಾಮೇಲೆ ವರದಿಗಿಂತ ತೀರ್ಪು ಜಾಸ್ತಿ. ‘ಇವನ ಮುಖ ನೋಡಿದ್ರೇ ಗೊತ್ತಾಗುತ್ತೆ ರೀ, ಒಳ್ಳೆಯವನಲ್ಲ.’ ಇನ್ನು ಪತ್ತೇದಾರಿ ಸಿನಿಮಾ ಅಂದರೆ ಕೇಳುವುದೇ ಬೇಡ. ಹದಿನೈದನೇ ನಿಮಿಷಕ್ಕೆ ‘ನೋಡ್ತಾ ಇರಿ, ಅವನ ನಾದಿನೀನೇ ಮಾಡಿರೋದು’ ಎಂದು ಷರಾ ಬರೆದುಬಿಡುತ್ತಿದ್ದಳು. ಹತ್ತಕ್ಕೆ ಏಳು ಸಲ ಸರಿಯಾಗಿರುತ್ತಿತ್ತು ಎಂಬುದೇ ಸಂಕಟ.

ಇನ್ನೊಂದು ತೊಂದರೆ ಇತ್ತು. ಸಿನಿಮಾ ನಿಜವಾಗಿ ಚೆನ್ನಾಗಿದ್ದರೆ ಅವಳ ಮಾತು ನಿಂತುಬಿಡುತ್ತಿತ್ತು. ಮೈಮರೆಯುತ್ತಿದ್ದಳು. ಸಂಗೀತ ಏರುತ್ತಿದೆ, ಯಾರೋ ಓಡುತ್ತಿದ್ದಾರೆ, ಏನೋ ಒಡೆಯಿತು. ‘ಏನಾಯ್ತೇ?’ ಅಂದರೆ ಉತ್ತರವಿಲ್ಲ. ಮೊಣಕೈಯಿಂದ ತಿವಿದರೆ ‘ತಡೀರಿ, ತಡೀರಿ’. ಎಲ್ಲ ಮುಗಿದ ಮೇಲೆ ಉಸಿರು ಬಿಟ್ಟು ‘ಅಯ್ಯೋ ಪಾಪ’ ಎನ್ನುವಳು. ಯಾರು ಪಾಪ, ಯಾಕೆ ಪಾಪ? ಅದು ಊಟದ ಹೊತ್ತಿಗೆ ತಿಳಿಯುವ ವಿಷಯ. ಕ್ರಮೇಣ ನಾನೊಂದು ಸೂತ್ರ ಕಂಡುಕೊಂಡೆ: ಸಿನಿಮಾದ ಗುಣಮಟ್ಟ ಅವಳ ವಿವರಣೆಗೆ ವಿಲೋಮ ಪ್ರಮಾಣದಲ್ಲಿರುತ್ತದೆ. ಅವಳು ಎಡೆಬಿಡದೆ ಮಾತಾಡಿದರೆ ಸಿನಿಮಾ ಕೆಟ್ಟದ್ದು.

ನಾಲ್ಕು ತಿಂಗಳ ಹಿಂದೆ ಮಗಳು ಬಂದಾಗ ಈ ಸೌಲಭ್ಯ ತೋರಿಸಿಕೊಟ್ಟಳು. ತೋರಿಸಿದಳು ಎಂಬ ಮಾತಿಗೆ ನಮ್ಮನೆಯಲ್ಲಿ ಯಾರೂ ಹುಳಿನಗು ನಗುವುದಿಲ್ಲ. ಸಿನಿಮಾ ಓಡುತ್ತಿರುವಾಗ ಆಡಿಯೋ ಮತ್ತು ಸಬ್‌ಟೈಟಲ್ ಆಯ್ಕೆಗೆ ಹೋಗಬೇಕು, ಅಲ್ಲಿ ಭಾಷೆಗಳ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಆಡಿಯೋ ಡಿಸ್ಕ್ರಿಪ್ಷನ್’ ಎಂದಿರುವುದನ್ನು ಆರಿಸಬೇಕು. ಕಣ್ಣಿದ್ದವರಿಗೆ ಎರಡು ಒತ್ತು. ನನಗೆ? ಫೋನಿನ ಸ್ಕ್ರೀನ್ ರೀಡರ್ ಒಂದು ಕಡೆ ‘ಬಟನ್, ಬಟನ್, ಹೆಸರಿಲ್ಲದ ಬಟನ್’ ಎಂದು ಓದುತ್ತಿರುತ್ತದೆ, ಇನ್ನೊಂದು ಕಡೆ ಸಿನಿಮಾದ ಮೊದಲ ಕೊಲೆ ನಡೆದುಹೋಗಿರುತ್ತದೆ. ಆಯ್ಕೆ ಪಟ್ಟಿ ಮೂರು ಸೆಕೆಂಡಿನಲ್ಲಿ ತಾನೇ ಮಾಯವಾಗುತ್ತದೆ. ಕುರುಡರಿಗಾಗಿ ಮಾಡಿದ ಬಾಗಿಲಿನ ಚಿಲಕವನ್ನು ಕಣ್ಣಿದ್ದವರಿಗಷ್ಟೇ ಸಿಗುವ ಹಾಗೆ ಇಟ್ಟಿದ್ದಾರೆ. ಮೊದಲ ವಾರದಲ್ಲಿ ಎರಡು ಸಲ ಕೈಚೆಲ್ಲಿದ್ದೆ.

ಆಮೇಲೆ ಒಂದು ಸಂಜೆ ಸಿಕ್ಕಿತು. ಹೆಂಡತಿ ಸತ್ತ ಮುದುಕನೊಬ್ಬನ ಕಥೆ. ಬೀರುವಿನ ಬಾಗಿಲು ಕಿರುಗುಟ್ಟಿದ ಸದ್ದು. ಮಾತಿಲ್ಲ, ಸಂಗೀತವಿಲ್ಲ. ಹೆಡ್‌ಫೋನಿನಲ್ಲಿ ಆ ದನಿ, ಏರಿಳಿತವೇ ಇಲ್ಲದೆ: ‘ಅವಳ ಅಂಗಿಯನ್ನು ಹ್ಯಾಂಗರಿಗೆ ಹಾಕುತ್ತಾನೆ. ಮೇಲಿನ ಗುಂಡಿ ಹಾಕುತ್ತಾನೆ. ತೆಗೆಯುತ್ತಾನೆ. ಮತ್ತೆ ಹಾಕುತ್ತಾನೆ.’

ಅಷ್ಟೇ. ‘ದುಃಖದಿಂದ’ ಇಲ್ಲ, ‘ನೆನೆದು’ ಇಲ್ಲ. ನನ್ನ ಬೆರಳು ನನ್ನ ಅಂಗಿಯ ಗುಂಡಿಯ ಮೇಲಿತ್ತು. ಎಡಕ್ಕೆ ಕೂತಿದ್ದವಳನ್ನು ಕೇಳಿದೆ, ‘ನೀನಾಗಿದ್ದಿದ್ರೆ ಇದನ್ನ ಹೇಗೆ ಹೇಳ್ತಿದ್ದೆ?’ ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: ‘ಏನೋ ಯೋಚನೆ ಮಾಡ್ತಿದಾನೆ ಅಂತಿದ್ದೆ.’

ಇಲ್ಲಿ ಮೇಷ್ಟ್ರ ಬುದ್ಧಿ ಸ್ವಲ್ಪ ಹೊರಗೆ ಬರುತ್ತದೆ, ಸಹಿಸಿಕೊಳ್ಳಿ. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮರಿಯಾನ್ನೆ ಸಿಮ್ಮೆಲ್ ಎಂಬ ಇಬ್ಬರು ಮನೋವಿಜ್ಞಾನಿಗಳು ಎರಡೂವರೆ ನಿಮಿಷದ ಒಂದು ಪುಟ್ಟ ಚಿತ್ರದ ಪ್ರಯೋಗವನ್ನು ಪ್ರಕಟಿಸಿದರು. ಚಿತ್ರದಲ್ಲಿ ಇರುವುದು ಒಂದು ದೊಡ್ಡ ತ್ರಿಭುಜ, ಒಂದು ಚಿಕ್ಕ ತ್ರಿಭುಜ, ಒಂದು ವೃತ್ತ, ಜೊತೆಗೆ ಬಾಗಿಲಿರುವ ಒಂದು ಆಯತ. ಅವು ಆಚೀಚೆ ಚಲಿಸುತ್ತವೆ, ಇನ್ನೇನಿಲ್ಲ. 34 ವಿದ್ಯಾರ್ಥಿನಿಯರಿಗೆ ತೋರಿಸಿ, ಏನಾಯಿತು ಬರೆಯಿರಿ ಎಂದರು. ಆಕೃತಿಗಳ ಚಲನೆಯೆಂದಷ್ಟೇ ಬರೆದವಳು ಒಬ್ಬಳೇ ಒಬ್ಬಳು. ಉಳಿದವರಿಗೆಲ್ಲ ಅಲ್ಲಿ ಜೀವಗಳು ಕಂಡವು, ಹೆಚ್ಚಿನವರಿಗೆ ಮನುಷ್ಯರೇ: ದಬ್ಬಾಳಿಕೆ ಮಾಡುವ ದೊಡ್ಡ ತ್ರಿಭುಜ, ಹೆದರಿದ ವೃತ್ತ, ಎದುರು ನಿಂತ ಪುಟ್ಟ ತ್ರಿಭುಜ. ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ತ್ರಿಭುಜ ಬರೆದರೂ ಒಂದು ಹುಡುಗನಿಗೂ ಅದರ ಮೇಲೆ ಕನಿಕರ ಹುಟ್ಟಲಿಲ್ಲ. ಅವು ನಿಂತಲ್ಲೇ ನಿಂತಿದ್ದವು, ಅದಕ್ಕೇ ಇರಬೇಕು.

ನನ್ನ ಮಟ್ಟಿಗೆ ಈ ಸೇವೆಯನ್ನು ಅಳೆಯುವ ಕೋಲು ಇದೇ. ನೋಡುವವನಿಗೆ ಸಿನಿಮಾ ಕೊಡುವುದು ತ್ರಿಭುಜವನ್ನು. ಅದಕ್ಕೆ ಹೆದರಿಕೆ ತುಂಬುವವನು ಕೂತು ನೋಡುತ್ತಿರುವವನೇ. ಆ ಕೆಲಸ ನನಗೆ ಬೇಕು, ಅದಕ್ಕಾಗಿಯೇ ನಾನು ಕೂತಿರುವುದು. ಗುಂಡಿ ಹಾಕಿದ, ತೆಗೆದ, ಮತ್ತೆ ಹಾಕಿದ ಎಂದು ಹೇಳಿ ಸುಮ್ಮನಾಗುವ ವಿವರಣೆ ನನ್ನನ್ನು ಪ್ರೇಕ್ಷಕನನ್ನಾಗಿ ಮಾಡುತ್ತದೆ. ‘ದುಃಖದಿಂದ ಅಂಗಿ ನೋಡುತ್ತಾನೆ’ ಎಂದರೆ ನಾನು ಇನ್ನೊಬ್ಬರು ನೋಡಿದ ಸಿನಿಮಾದ ಸುದ್ದಿ ಕೇಳುವವನಾಗುತ್ತೇನೆ. ಆರು ವರ್ಷ ನಾನು ಸುದ್ದಿಯನ್ನೇ ಕೇಳುತ್ತಿದ್ದೆ ಎಂದು ಆ ಸಂಜೆ ಹೊಳೆಯಿತು. ಹೆಂಡತಿಗೆ ಹೇಳಲಿಲ್ಲ. ಈಗ ಈ ವಿಮರ್ಶೆಯನ್ನು ಅವಳೇ ಓದಿ ತಪ್ಪು ತಿದ್ದಿಕೊಡುತ್ತಿದ್ದಾಳೆ, ಹಾಗಾಗಿ ಗೊತ್ತಾಯಿತು.

ಇದರ ಹುಟ್ಟಿನ ಕಥೆಯೂ ಪಿಸುಮಾತಿನದೇ. ಅಮೆರಿಕದ ಗ್ರೆಗರಿ ಫ್ರೇಜಿಯರ್ ಎಂಬವರು ಕುರುಡ ಗೆಳೆಯನೊಬ್ಬನ ಜೊತೆ ಟಿವಿಯಲ್ಲಿ ಸಿನಿಮಾ ನೋಡುತ್ತಾ ಕಂಡದ್ದನ್ನು ಹೇಳುತ್ತಾ ಹೋದರಂತೆ. ಅದೇ ಅವರ ಎಂ.ಎ. ಪ್ರಬಂಧವಾಯಿತು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 1970ರ ದಶಕದಲ್ಲಿ. ಆದರೆ ತೆರೆಯ ಪಕ್ಕ ನಿಂತು ಮಾತಾಡುವ ಕಸುಬು ಅದಕ್ಕಿಂತ ಬಹಳ ಹಳೆಯದು. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನಲ್ಲಿ ಬೆನ್ಶಿ ಎಂಬವರಿದ್ದರು. ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡಿ, ನಡೆಯುತ್ತಿರುವುದನ್ನು ಬಣ್ಣಿಸಿ, ನಡುವೆ ತಮ್ಮದೂ ಒಂದಿಷ್ಟು ಸೇರಿಸುತ್ತಿದ್ದರು. ಎಷ್ಟೋ ಜನ ನಟರನ್ನು ನೋಡಿ ಅಲ್ಲ, ಯಾವ ಬೆನ್ಶಿ ಎಂದು ಕೇಳಿ ಟಿಕೆಟ್ ಕೊಳ್ಳುತ್ತಿದ್ದರು. ನಿರ್ದೇಶಕ ಅಕಿರಾ ಕುರೊಸಾವಾ ಅವರ ಅಣ್ಣ ಇದೇ ಕಸುಬಿನವರು. ಮಾತಿನ ಚಿತ್ರ ಬಂದು ಆ ಕಸುಬನ್ನು ಮುಗಿಸಿತು. ತೆರೆಯ ಮೇಲೆ ಬರಹದಲ್ಲಿ ಬರುತ್ತಿದ್ದ ಸಂಭಾಷಣೆಯೂ ಹೋಯಿತು, ಅಲ್ಲಿಯವರೆಗೆ ಎಲ್ಲರ ಸಮಕ್ಕೆ ಕೂತು ನೋಡುತ್ತಿದ್ದ ಕಿವುಡರು ಹೊರಗುಳಿದರು. ಅದೇ ಬದಲಾವಣೆಯಿಂದ ನಮ್ಮಂಥವರಿಗೆ ಬಾಗಿಲು ಅರ್ಧ ತೆರೆಯಿತು. ಒಂದೇ ಯಂತ್ರ, ಎಡಗೈಯಲ್ಲಿ ಕಿತ್ತುಕೊಂಡು ಬಲಗೈಯಲ್ಲಿ ಕೊಟ್ಟಿತು.

ನನ್ನ ಹೆಂಡತಿ ಬೆನ್ಶಿ ಪರಂಪರೆಯವಳು. ಹೆಡ್‌ಫೋನಿನವರು ಬೇರೆ ಶಾಲೆ: ಕಂಡದ್ದನ್ನು ಹೇಳು, ಅರ್ಥ ಹೇಳಬೇಡ, ಸಂಭಾಷಣೆಯ ಮೇಲೆ ಮಾತಾಡಬೇಡ, ಗುಟ್ಟನ್ನು ಸಿನಿಮಾಕ್ಕಿಂತ ಮೊದಲು ಬಿಡಬೇಡ. ಇದು ಕೇಳಲು ಸುಲಭ. ಎರಡು ಮಾತುಗಳ ನಡುವೆ ಮೂರು ಸೆಕೆಂಡಿನ ಸಂದಿ, ಅಷ್ಟರಲ್ಲಿ ಒಂದು ಮದುವೆ ಮನೆ, ಹನ್ನೆರಡು ಜನ, ಬಾಗಿಲಲ್ಲಿ ನಿಂತ ಹಳೆಯ ಪ್ರೇಮಿ. ಯಾವುದನ್ನು ಹೇಳುವುದು? ಬಿಡುವುದು ಯಾವುದನ್ನು? ಒಳ್ಳೆಯ ಬರಹಗಾರ ಬಾಗಿಲನ್ನಷ್ಟೇ ಹೇಳುತ್ತಾನೆ. ಕೆಟ್ಟವನು ತೋರಣದಿಂದ ಶುರು ಮಾಡಿ, ಪ್ರೇಮಿ ಬರುವಷ್ಟರಲ್ಲಿ ಸಂಭಾಷಣೆ ಶುರುವಾಗಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಈ ನಾಲ್ಕು ತಿಂಗಳಲ್ಲಿ ಕೇಳಿದ ನಲವತ್ತೊಂದು ಸಿನಿಮಾಗಳಲ್ಲಿ ಎರಡೂ ಬಗೆಯವು ಸಿಕ್ಕಿವೆ. ಒಂದರಲ್ಲಂತೂ ‘ಪರದೆಯ ಹಿಂದೆ ಕೊಲೆಗಾರ’ ಎಂದು ಪರದೆ ಸರಿಯುವ ಮುನ್ನವೇ ಹೇಳಿಬಿಟ್ಟರು. ಎಡಕ್ಕೆ ಕೂತವಳು ಬೆಚ್ಚಿಬಿದ್ದದ್ದು ನಾನು ಬೆಚ್ಚಿ ಮುಗಿದ ಮೇಲೆ.

ಹೀಗೆ ಒಬ್ಬರಿಗಿಂತ ಒಬ್ಬರು ಹಿಂದುಮುಂದಾಗುವ ಗಳಿಗೆಗಳ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು.

ದೃಷ್ಟಿ ಹೋದ ಮೇಲೆ ಸಿನಿಮಾದಲ್ಲಿ ನನಗೆ ಅತಿ ಹೆಚ್ಚು ನೋಯಿಸಿದ್ದು ದೃಶ್ಯ ಕಾಣದಿದ್ದದ್ದಲ್ಲ. ತಡವಾಗಿ ನಗುವುದು. ಹಾಸ್ಯದಲ್ಲಿ ಮಾತು ಮುಗಿದ ಮೇಲಿನ ಆ ಮುಖ, ಜಾರುವ ಕಾಲು, ತಪ್ಪು ಬಾಗಿಲು ತೆರೆಯುವ ಕೈ, ಇವೇ ಎಲ್ಲ. ಕೋಣೆಯಲ್ಲಿದ್ದವರೆಲ್ಲ ‘ಹೋ’ ಎಂದು ನಗುತ್ತಾರೆ. ನಾನು ಅವರ ನಗುವನ್ನು ಕೇಳಿ ನಗುತ್ತೇನೆ. ಅರ್ಧ ಸೆಕೆಂಡು ತಡ. ಆ ಅರ್ಧ ಸೆಕೆಂಡು ಯಾರಿಗೂ ಗೊತ್ತಾಗುವುದಿಲ್ಲ, ನಗುವವನಿಗೆ ಮಾತ್ರ ಗೊತ್ತಾಗುತ್ತದೆ. ಹೆಂಡತಿ ‘ಬಿದ್ದ’ ಎಂದು ಹೇಳುವಷ್ಟರಲ್ಲಿ ಬಿದ್ದವನು ಎದ್ದು ಹೋಗಿರುತ್ತಾನೆ. ಕೊನೆಕೊನೆಗೆ ನಾನು ಹಾಸ್ಯಚಿತ್ರ ಬೇಡವೆನ್ನತೊಡಗಿದೆ. ತಲೆನೋವು ಅನ್ನುತ್ತಿದ್ದೆ.

ಕಥೆಯನ್ನು ಒಬ್ಬರೇ ಕೂತು ಓದಬಹುದು, ಕೇಳಬಹುದು, ನಾನೂ ರಾತ್ರಿಯೆಲ್ಲ ಆಡಿಯೋ ಪುಸ್ತಕ ಕೇಳುವವನೇ. ಆದರೂ ಜನ ಒಟ್ಟಿಗೆ ಕೂರಲು ಹವಣಿಸುತ್ತಾರೆ. ಪಾಲಿ ವೀಸ್ನರ್ ಎಂಬ ಮಾನವಶಾಸ್ತ್ರಜ್ಞೆ ಆಫ್ರಿಕಾದ ಕಲಹಾರಿ ಮರುಭೂಮಿಯ ಬೇಟೆಗಾರ ಜನರ ಹಗಲು ಮಾತು, ರಾತ್ರಿ ಮಾತು ಎರಡನ್ನೂ ದಾಖಲಿಸಿ 2014ರಲ್ಲಿ ಲೆಕ್ಕ ಕೊಟ್ಟರು. ಹಗಲಿನ ಮಾತುಕತೆಯಲ್ಲಿ ಕಥೆಯ ಪಾಲು ನೂರಕ್ಕೆ 6. ಉಳಿದದ್ದು ಕೆಲಸ, ದೂರು, ಅವರಿವರ ಮೇಲಿನ ಆಕ್ಷೇಪ, ಹಾಸ್ಯ. ರಾತ್ರಿ ಬೆಂಕಿಯ ಸುತ್ತ ಕೂತಾಗ ಕಥೆಯ ಪಾಲು 81. ಇದನ್ನು ಕೇಳಿದಾಗ ನನಗೆ ಹೊಳೆದದ್ದು ಬೇರೆ: ಬೆಂಕಿಯ ಬೆಳಕಿನಲ್ಲಿ ಎದುರಿನವರ ಮುಖವೂ ಅರ್ಧವೇ ಕಾಣುವುದು. ಅಲ್ಲಿ ನಾನು ಯಾರಿಗಿಂತಲೂ ತೀರ ಹಿಂದೆ ಬೀಳುತ್ತಿರಲಿಲ್ಲ. ಹಳೆಯ ರೀಲಿನ ಪ್ರೊಜೆಕ್ಟರಿನಲ್ಲೂ ಅಷ್ಟೇ. ಸೆಕೆಂಡಿಗೆ 24 ಚಿತ್ರ, ಎರಡು ಗಂಟೆಗೆ 1,72,800. ಒಂದೊಂದು ಚಿತ್ರ ಕೆಳಗೆ ಸರಿಯುವಾಗಲೂ ಮುಚ್ಚಳವೊಂದು ಬೆಳಕಿಗೆ ಅಡ್ಡ ಬಂದು, ಒಟ್ಟಾರೆ ಹೆಚ್ಚುಕಡಿಮೆ ಅರ್ಧ ಹೊತ್ತು ತೆರೆ ಕತ್ತಲೆಯಲ್ಲೇ ಇರುತ್ತಿತ್ತು. ಟಿಕೆಟ್ ಕೊಂಡ ಕಣ್ಣಿನವರೆಲ್ಲ ಒಂದು ಗಂಟೆ ಕತ್ತಲೆ ನೋಡಿ ಚೆನ್ನಾಗಿತ್ತು ಎಂದು ಮನೆಗೆ ಹೋಗುತ್ತಿದ್ದರು.

ಈಗ ಹೆಡ್‌ಫೋನಿನ ದನಿ ‘ಕಾಲು ಬಕೆಟ್ಟಿನೊಳಗೆ’ ಎನ್ನುತ್ತದೆ, ಸದ್ದು ಬರುತ್ತದೆ, ಎಡಕ್ಕೆ ಕೂತವಳು ಮತ್ತು ನಾನು ಒಂದೇ ಏಟಿಗೆ ನಗುತ್ತೇವೆ. ಮೊದಲ ಸಲ ಹಾಗಾದಾಗ ಅವಳು ನಗು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಸೋಫಾ ಅಲುಗಾಡಿದ್ದರಿಂದ ಗೊತ್ತಾಯಿತು. ಏನೂ ಹೇಳಲಿಲ್ಲ. ಈ ಒಂದಕ್ಕೇ ನಾನು ಚಂದಾ ನವೀಕರಿಸುತ್ತೇನೆ.

ಇನ್ನು ದೂರು. ಆಯ್ಕೆ ಉಳಿಯುವುದಿಲ್ಲ. ಧಾರಾವಾಹಿಯ ನಾಲ್ಕನೇ ಕಂತಿನವರೆಗೆ ವಿವರಣೆ ಬಂದು ಐದರಲ್ಲಿ ತಾನಾಗಿ ನಿಂತುಹೋದದ್ದು ಮೂರು ಸಲ. ಕಥೆಯೇ ಮೌನಕ್ಕೆ ಹೊರಳಿದೆಯೇನೋ ಎಂದು ಹತ್ತು ನಿಮಿಷ ಗೌರವದಿಂದ ಕೇಳಿದ್ದೇನೆ. ಮೂಲ ಭಾಷೆಯಲ್ಲಿ ವಿವರಣೆ ಇದ್ದರೂ ಡಬ್ ಆದ ಭಾಷೆಯಲ್ಲಿ ಇರುವುದಿಲ್ಲ, ಯಾರಿಗೆ ಅದು ಹೆಚ್ಚು ಬೇಕೋ ಅವರಿಗೇ ಇಲ್ಲ. ಹಳೆಯ ಚಿತ್ರಗಳಿಗಂತೂ ಗತಿಯಿಲ್ಲ. ಇತ್ತೀಚೆಗೆ ಕೆಲವದರಲ್ಲಿ ಮನುಷ್ಯರ ದನಿಯ ಬದಲು ಕಂಪ್ಯೂಟರ್ ದನಿ. ಸ್ಕ್ರೀನ್ ರೀಡರಿನ ದನಿಯನ್ನು ಹಗಲೆಲ್ಲ ಕೇಳುವವನು ನಾನು, ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಬ್ಯಾಂಕಿನ ಖಾತೆ ಓದಿದ ದನಿಯೇ ‘ತಾಯಿ ಮಗುವಿನ ಹಣೆ ಮುಟ್ಟುತ್ತಾಳೆ’ ಎಂದಾಗ ಮುಂದಿನ ಮಾತು ‘ಬಾಕಿ ಮೊತ್ತ’ ಎಂದೇ ಬರಬಹುದೆಂದು ಕಾಯುವಂತಾಗುತ್ತದೆ.

ಗ್ರಾಹಕ ಸೇವೆಗೆ ಬರೆದೆ. ವಿವರಣೆ ಮಧ್ಯದಲ್ಲಿ ನಿಲ್ಲುತ್ತಿದೆ, ನನಗೆ ಕಣ್ಣು ಕಾಣುವುದಿಲ್ಲ ಎಂದೂ ಸೇರಿಸಿದೆ. ತುಂಬ ವಿನಯದ ಉತ್ತರ ಬಂತು: ಸಮಸ್ಯೆ ಕಾಣಿಸುತ್ತಿರುವ ಪರದೆಯ ಚಿತ್ರ ತೆಗೆದು ಕಳುಹಿಸಿ. ಹೆಂಡತಿ ಓದಿ ಹೇಳಿದಾಗ ಇಬ್ಬರೂ ನಕ್ಕೆವು, ಅರ್ಧ ಸೆಕೆಂಡಿನ ವ್ಯತ್ಯಾಸವೂ ಇಲ್ಲದೆ. ಬರಿಯ ಸೋಫಾದ ಚಿತ್ರ ಕಳಿಸೋಣವೇ ಎಂದಳು. ಕಳಿಸಲಿಲ್ಲ. ತೊಂದರೆ ಇನ್ನೂ ಹಾಗೇ ಇದೆ.

ಅಂಕ ಕೊಡಲೇಬೇಕೆಂದರೆ ವಿವರಣೆಯ ಬರಹಕ್ಕೆ ನೂರಕ್ಕೆ ಎಂಬತ್ತು, ಓದಿದ ದನಿಗೆ ಎಪ್ಪತ್ತು, ಅದನ್ನು ಹುಡುಕಿ ಶುರು ಮಾಡುವ ವ್ಯವಸ್ಥೆಗೆ ಮೂವತ್ತೈದು. ಪಾಸಾಗಲಿ ಎಂದು ಕೊಟ್ಟದ್ದು. ಮನೆಯಲ್ಲಿ ದೃಷ್ಟಿ ಕಡಿಮೆಯಾದವರಿದ್ದರೆ ಮೊದಲ ಸಲ ನೀವೇ ಹಾಕಿಕೊಡಿ. ಸ್ಪೀಕರಿನಲ್ಲಿ ಹಾಕಿದರೆ ಕಣ್ಣಿದ್ದವರಿಗೆ ಕಿರಿಕಿರಿಯಾಗುತ್ತದೆ ಎನ್ನುತ್ತಾರೆ. ನಮ್ಮಲ್ಲಿ ನಾನು ಫೋನಿನಲ್ಲಿ ಅದೇ ಸಿನಿಮಾವನ್ನು ವಿವರಣೆಯೊಂದಿಗೆ ಓಡಿಸಿ ಒಂದೇ ಕಿವಿಗೆ ಹೆಡ್‌ಫೋನ್ ಹಾಕುತ್ತೇನೆ, ಟಿವಿಯಲ್ಲಿ ಅವಳಿಗೆ ಬರಿಯ ಸಿನಿಮಾ. ಎರಡನ್ನೂ ಒಟ್ಟಿಗೆ ಒತ್ತಲು ‘ಒಂದು, ಎರಡು, ಮೂರು’ ಎಣಿಸುತ್ತೇವೆ. ಎರಡು ಸಲವಾದರೂ ತಪ್ಪುತ್ತದೆ.

ಅವಳಿಗೇನು ಸಿಕ್ಕಿತು ಎಂದು ಕೇಳಿದೆ. ‘ನಾನೂ ಸಿನಿಮಾ ನೋಡ್ತಿದೀನಿ ಈಗ’ ಅಂದಳು. ಆರು ವರ್ಷ ಅವಳು ನೋಡಿದ್ದು ನನಗೆ ಹೇಳಬೇಕಾದ್ದನ್ನು ಮಾತ್ರವಂತೆ. ಮೂಲೆಯಲ್ಲಿದ್ದ ನಾಯಿ, ಹಿಂದೆ ನಡೆದುಹೋದ ಹೆಂಗಸಿನ ಸೀರೆಯ ಬಣ್ಣ, ಇವನ್ನೆಲ್ಲ ನೋಡಲು ಪುರುಸೊತ್ತಿರಲಿಲ್ಲ. ಇದು ನನ್ನ ಲೆಕ್ಕದಲ್ಲಿ ಬಂದಿರಲೇ ಇಲ್ಲ.

ಕಳೆದ ಭಾನುವಾರ ನಾವು ಮದುವೆಯಾದ ವರ್ಷ ನೋಡಿದ್ದ ಒಂದು ಹಳೆಯ ಚಿತ್ರ ಸಿಕ್ಕಿತು. ಆಡಿಯೋ ಪಟ್ಟಿಯನ್ನು ಎರಡು ಸಲ ಮೇಲಿಂದ ಕೆಳಗೆ ಕೇಳಿದೆ. ವಿವರಣೆ ಇಲ್ಲ. ಬೇರೆ ಹಾಕೋಣ ಎಂದೆ. ಬೇಡ, ಇದೇ ಇರಲಿ ಎಂದು ಅವಳು ಎಡಕ್ಕೆ ಬಂದು ಕೂತಳು. ‘ರೈಲು ಬರ್ತಿದೆ. ಜನ. ತುಂಬ ಜನ. ಅವಳು ಕಾಣ್ತಿಲ್ಲ... ಹಾಂ, ಕಂಡಳು, ಕಂಬದ ಹತ್ತಿರ.’ ಇಪ್ಪತ್ತನೇ ನಿಮಿಷಕ್ಕೆ ಮಾತು ನಿಂತಿತು. ಪಿಟೀಲು ಏರುತ್ತಿತ್ತು, ಯಾರೋ ಮೆಟ್ಟಿಲಿಳಿಯುತ್ತಿದ್ದರು. ನಾನು ತಿವಿಯಲಿಲ್ಲ.